ದೀಪ ಹಚ್ಚಿದ ಮೇಲೆ ಬರೆದ ಲೆಕ್ಕ

ಮೊನ್ನೆ ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದಾಗ ಚೆಂಡುಹೂವಿನ ಮೂಟೆ ಹೇರಿದ ಲಾರಿಯೊಂದು ಹಾದುಹೋಯಿತು. ಹಾರದಲ್ಲಿರುವ ಚೆಂಡುಹೂವಿನ ವಾಸನೆ ಬೇರೆ, ಮೂಟೆಯೊಳಗೆ ಬಿಸಿಯೇರಿದಾಗ ಬರುವ ಘಾಟು ಬೇರೆ. ನೀವು ನಮ್ಮ ಕಡೆಯವರಾದರೆ ಗೊತ್ತಿರುತ್ತದೆ, ಅಲ್ಲದಿದ್ದರೆ ನನ್ನ ಮಾತು ನಂಬಿ. ಪಕ್ಕದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಇನ್ನಷ್ಟು ಎಳೆದುಕೊಂಡೆ. ನನ್ನ ಮೊದಲ ಸಂಬಳಕ್ಕೆ ಅದೇ ವಾಸನೆ ಇತ್ತು.

ಆಗಷ್ಟೇ ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತು ತಿನ್ನುತ್ತಿದ್ದೆ. ತೆರಕಣಾಂಬಿ ಸುತ್ತಮುತ್ತ ಚೆಂಡುಹೂ ಬೆಳೆಸುತ್ತಿದ್ದ ಕಂಪನಿಯೊಂದಕ್ಕೆ, ಹೂ ಬಿಡಿಸುವ ಹೆಂಗಸರ ಆದಾಯ ಒಂದು ಸಂಸಾರ ನೆಮ್ಮದಿಯಾಗಿ ಬದುಕಲು ಸಾಕಾಗುತ್ತದೆಯೇ ಎಂದು ತಿಳಿಯಬೇಕಾಗಿತ್ತು. ಹೂ ಕೊಳ್ಳುವ ಹೊರದೇಶದವರು ಕೇಳಿದ್ದರಂತೆ. ಸಾಕಾಗದಿದ್ದರೆ ಕೂಲಿ ಏರಿಸುವುದು, ಸಾಕಾದರೆ ಇದ್ದ ಹಾಗೇ ಬಿಡುವುದು. ಮನೆಮನೆಗೆ ಹೋಗಿ ಫಾರಂ ತುಂಬುವ ಕೆಲಸ ನನ್ನದು. ನಮ್ಮಮ್ಮ ಬೀದಿಗೆಲ್ಲ ನಾನು ಸರ್ವೆ ಆಫೀಸರ್ ಆದೆನೆಂದು ಹೇಳಿಕೊಂಡು ಬಂದಳು. ಮಾರನೆಯ ದಿನವೇ ಹಿಂದಿನ ಮನೆಯ ದೊಡ್ಡಪ್ಪ, ಪಕ್ಕದ ಹೊಲದವನು ಬದು ಒತ್ತಿದ್ದಾನೆ, ಸ್ವಲ್ಪ ಅಳೆದುಕೊಡು ಎಂದು ಬಂದು ನಿಂತರು. ಅಳೆಯಲು ನನ್ನ ಹತ್ತಿರ ಎರಡು ಬಣ್ಣದ ಪೆನ್ನು ಬಿಟ್ಟರೆ ಏನೂ ಇರಲಿಲ್ಲ.

ಹೂ ಬಿಡಿಸುವವರಲ್ಲಿ ಚಿಕ್ಕತಾಯಮ್ಮ ಎಂಬಾಕೆ ಹನ್ನೆರಡು ಹೆಂಗಸರ ಗುಂಪಿಗೆ ಯಜಮಾನಿ. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಮೊದಲ ದಿನ ಹೊಲದ ಬದುವಿನ ಮೇಲೆ ಸಿಕ್ಕಿದಾಗಲೇ ತನ್ನ ವಿಷಯ ನೇರವಾಗಿ ಹೇಳಿದ್ದಳು. ಮಗಳು ಮಂಗಳಾ ಪಿಯುಸಿ ಮುಗಿಸುತ್ತಿದ್ದಾಳೆ, ಕೂಲಿ ಏರಿದರೆ ಡಿಗ್ರಿಗೆ ಸೇರುತ್ತಾಳೆ, ಏರದಿದ್ದರೆ ಅವಳಿಗೂ ಒಂದು ಹೂವಿನ ಚೀಲ. ನಾನು ಗಂಭೀರವಾಗಿ ತಲೆಯಾಡಿಸಿ, ಎಲ್ಲ ನನ್ನ ಕೈಯಲ್ಲಿದೆ ಎಂಬಂತೆ ಪೆನ್ನು ಸರಿಪಡಿಸಿಕೊಂಡೆ.

ಹೆಂಗಸರು ಮನೆ ಸೇರುವುದು ಸಂಜೆ. ಆದ್ದರಿಂದ ಸಂಜೆಯೇ ಹೋದೆ. ಚಿಕ್ಕತಾಯಮ್ಮ ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ನನಗೆ ಚಾಪೆ ಹಾಸಿ ಕಾಫಿ ಕೊಟ್ಟಳು. ಬೇಳೆಗೆ ತಿಂಗಳಿಗೆಷ್ಟು ಖರ್ಚು ಎಂದೆ. ಮನೆಯಲ್ಲೇ ತುಂಬಿದೆ ಎಂದಳು. ಹಾಲು? ಬೇಕಾದಷ್ಟಿದೆ, ಕೊಳ್ಳುವುದಿಲ್ಲ. ತರಕಾರಿ, ಔಷಧಿ, ಬಟ್ಟೆ? ಯಾವುದಕ್ಕೂ ಕೊರತೆಯಿಲ್ಲ. ಕೊಟ್ಟ ಕಾಫಿಗೆ ಹಾಲೇ ಇರಲಿಲ್ಲ. ಅದನ್ನು ಗುಟುಕರಿಸುತ್ತಲೇ ನಾನು ‘ಹಾಲು: ದಿನಾ ಅರ್ಧ ಲೀಟರ್, ಖರ್ಚು ಸೊನ್ನೆ’ ಎಂದು ದುಂಡಗೆ ಬರೆದೆ. ಉಳಿದ ಮನೆಗಳಲ್ಲೂ ಇದೇ ಕಥೆ. ಎಂಥ ಸಮೃದ್ಧಿಯ ಊರು ಎಂದು ನನಗೆ ಹೊಟ್ಟೆಕಿಚ್ಚೂ ಆಯಿತು.

ಮೈಸೂರಿನಿಂದ ಬಂದ ಸೂಪರ್‌ವೈಸರ್ ಹಾಳೆಗಳನ್ನು ಕೂಡಿಸಿ, ಕೂಲಿ ಸಾಕಾಗಿ ಮಿಗುತ್ತದಲ್ಲ ಎಂದರು. ಸೋಮವಾರ ವರದಿ ಹೊರಡುವುದಿತ್ತು. ಶನಿವಾರ ಬೆಳಗ್ಗೆ ನಾನು ಹೊಲಕ್ಕೆ ಹೋಗಿ, ಲೆಕ್ಕದಲ್ಲಿ ನಿಮ್ಮ ಮನೆಯೇ ಫಸ್ಟು ಎಂದು ಚಿಕ್ಕತಾಯಮ್ಮನಿಗೆ ಸಂಭ್ರಮದಿಂದ ಹೇಳಿದೆ. ಹಾಗಾದರೆ ಕೂಲಿ ಎಂದು ಕೇಳಿದಳು. ಏರುವುದಿಲ್ಲ ಎಂದೆ. ಅವಳ ಕೈ ಗಿಡದ ಮೇಲೇ ನಿಂತಿತು.

“ದೀಪ ಅಚ್ಚುದ್ಮೇಲೆ ಮನೇಲಿ ಇಲ್ಲ ಅಂದಾರ ಸಾ? ಅಂದ್ರೆ ಇರದೂ ಓಯ್ತದೆ. ನಿಮ್ಮವ್ವ ಏಳ್ಕೊಟ್ಟಿಲ್ವ?”

ಹೇಳಿಕೊಟ್ಟಿದ್ದಳು. ಸಂಜೆ ದೀಪ ಹಚ್ಚಿದ ಮೇಲೆ ಯಾರಾದರೂ ಹೆಪ್ಪಿಗೆ ಮೊಸರು ಕೇಳಿ ಬಂದರೆ ನಮ್ಮಮ್ಮ ಇಲ್ಲ ಎನ್ನುತ್ತಿರಲಿಲ್ಲ, ಬೆಳಗ್ಗೆ ಬಾ ಎನ್ನುತ್ತಿದ್ದಳು. ಅದೇ ಮನೆಯಲ್ಲಿ ಇಪ್ಪತ್ತೆರಡು ವರ್ಷ ಉಂಡವನು ನಾನು. ಕೈಗೆ ಫಾರಂ ಬಂದದ್ದೇ ತಡ ಎಲ್ಲ ಮರೆತುಬಿಟ್ಟಿದ್ದೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಆ ದಿನವೂ ಭಾನುವಾರವೂ ಬಿಸಿಲಲ್ಲಿ, ಸಾಲಿನಿಂದ ಸಾಲಿಗೆ ಅವರ ಹಿಂದೆ ನಡೆಯುತ್ತ ಹೊಸ ಫಾರಂ ತುಂಬಿದೆ. ಹಗಲು ಹೊಲದಲ್ಲಿ ಯಾರೂ ಏನನ್ನೂ ಮುಚ್ಚಿಡಲಿಲ್ಲ. ಬೇಳೆ ವಾರಕ್ಕೆರಡು ಸಲ. ಹಾಲು ನೆಂಟರು ಬಂದಾಗ, ಅದೂ ಅಂಗಡಿಯಿಂದ. ಚಿಕ್ಕತಾಯಮ್ಮನ ಹಲ್ಲುನೋವಿಗೆ ಒಂದು ವರ್ಷ ತುಂಬಿತ್ತು. ಕೂಡಿಸಿ ನೋಡಿದರೆ ಕೂಲಿ ಎಲ್ಲೂ ಸಾಲುತ್ತಿರಲಿಲ್ಲ.

ಒಂದೇ ಮನೆಗೆ ಎರಡು ಹಾಳೆ ಕಂಡು ಸೂಪರ್‌ವೈಸರ್ ರೇಗಿದರು. ಯಾವುದು ಸುಳ್ಳು ಹೇಳಯ್ಯಾ ಎಂದರು. ಎರಡೂ ಅವರ ಬಾಯಿಂದಲೇ ಬಂದದ್ದು ಎಂದೆ. ಮೊದಲ ಸಲ ಎಷ್ಟು ಹೊತ್ತಿಗೆ ಹೋಗಿದ್ದೆ ಎಂದು ಕೇಳಿದರು. ದೀಪ ಹಚ್ಚುವ ಹೊತ್ತಿಗೆ ಎಂದೆ. ಅವರು ಹಳೆಯ ಹಾಳೆಗಳನ್ನು ಹರಿದು ಹಾಕಿದರು. ಅವರಿಗೂ ಒಬ್ಬ ತಾಯಿ ಇದ್ದಿರಬೇಕು. ಕೂಲಿ ಏರಿತು. ಲೆಕ್ಕ ಹೇಳಿದಷ್ಟಲ್ಲ, ಆದರೆ ಮಂಗಳಾ ಡಿಗ್ರಿಗೆ ಸೇರುವಷ್ಟು.

ಇದನ್ನು ಮನೆಗೆ ಬಂದವರಿಗೆಲ್ಲ ನಾನು ಎಷ್ಟು ಸಲ ಹೇಳಿದ್ದೇನೋ. ಮೊನ್ನೆ ಬಸ್ಸಿಳಿದು ಮನೆಗೆ ಬಂದು ಮತ್ತೊಮ್ಮೆ ಹೆಂಡತಿಗೆ ಹೇಳಹೊರಟೆ. ಆರು ವರ್ಷದಿಂದ ನಮ್ಮ ಪಾತ್ರೆ ತೊಳೆಯುತ್ತಿರುವ ನಾಗರತ್ನ ಹಿತ್ತಿಲಲ್ಲಿದ್ದಳು. ಕಥೆಯನ್ನು ಅಲ್ಲಿಗೇ ಬಿಟ್ಟೆ. ಅವಳ ಸಂಸಾರ ಹೇಗೆ ನಡೆಯುತ್ತದೆಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಮಾರನೆಯ ಬೆಳಗ್ಗೆ ಕೇಳಿದೆ. ಅವಳು ಕೈ ಒರೆಸಿಕೊಂಡು, ಬಾಡಿಗೆಯಿಂದ ಹಿಡಿದು ಗ್ಯಾಸಿನವರೆಗೆ, ಬಾಯಿಪಾಠ ಒಪ್ಪಿಸುವಂತೆ ಹೇಳಿದಳು. ನಮ್ಮದೂ ಸೇರಿ ಐದು ಮನೆಯ ಸಂಬಳ ಕೂಡಿಸಿದರೂ ತಿಂಗಳಿಗೆ ಒಂದು ವಾರದ ಖರ್ಚು ಕಮ್ಮಿ ಬೀಳುತ್ತಿತ್ತು. ಆ ವಾರ ಏನು ಮಾಡುತ್ತೀಯ ಎಂದೆ.

“ನೀವೇ ಕೊಡ್ತೀರಲ್ಲ ಸಾ, ಮಿಕ್ಕಿದ್ ಸಾರು.”

ನಾನೂ ಹೆಂಡತಿಯೂ ಕೂತು ಲೆಕ್ಕ ಹಾಕಿದೆವು. ಆ ಕೊರತೆಯನ್ನು ಐದು ಮನೆಗೆ ಹಂಚಿ, ನಮ್ಮ ಪಾಲನ್ನು ಅಂದೇ ಸಂಬಳಕ್ಕೆ ಸೇರಿಸಿ ಕೊಟ್ಟೆವು. ನಾಗರತ್ನ ಎಣಿಸದೆ ಸೆರಗಿನ ತುದಿಗೆ ಕಟ್ಟಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ಬಂದಳು.

“ಆ ನಾಕ್ ಮನೇಗೂ ಬಂದು ಒಂದ್ ಮಾತು ಏಳ್ತೀರಾ ಸಾ?”

ನಾನು ಚಪ್ಪಲಿ ಮೆಟ್ಟಿಕೊಂಡೆ.