ಅಕ್ಕನ ಹಿಂದೆ ಮುಂಬೈ

ಹೊಸಪೇಟೆಯ ಒಂದು ಸ್ಟುಡಿಯೋದಲ್ಲಿ ಫೋಟೋ ಎಡಿಟ್ ಮಾಡುವುದು ನನ್ನ ಹೊಟ್ಟೆಪಾಡು. ಹಂಪಿಯ ಮಂಟಪಗಳಲ್ಲಿ ಕೈಕೈ ಹಿಡಿದು ನಿಂತ ಮದುಮಕ್ಕಳ ಮೊಡವೆ ಅಳಿಸುತ್ತೇನೆ. ಸಂಡೂರಿನ ಕೆಂಪು ಧೂಳು ಕೂತ ಗಿಡಗಳಿಗೆ ಹಸಿರು ಬಳಿಯುತ್ತೇನೆ. ಮದುವೆಗಳು ಮುಗಿದ ಮೇಲೆ ತೀರಿಕೊಂಡವರ ಕೆಲಸ. ಮನೆಯವರು ಯಾವುದೋ ಗುಂಪಿನ ಫೋಟೋ ತಂದುಕೊಡುತ್ತಾರೆ. ಅದರಿಂದ ಮುಖ ಬಿಡಿಸಿ, ಹಿಂದೆ ನೀಲಿ ಹಾಕಿ, ಹಣೆಗೆ ವಿಭೂತಿ ಕೂರಿಸಬೇಕು. ವಿಭೂತಿ, ಶಾಲು, ಹೂಮಾಲೆ ಎಲ್ಲ ನನ್ನ ಕಂಪ್ಯೂಟರಿನಲ್ಲಿ ಮೊದಲೇ ತಯಾರಿರುತ್ತವೆ. ಗಂಡ ಸತ್ತ ಹೆಂಗಸಿನ ಹಳೆಯ ಫೋಟೋ ಬಂದರೆ ಕುಂಕುಮ ತೆಗೆದುಬಿಡಿ ಎನ್ನುತ್ತಾರೆ. ತೆಗೆಯುತ್ತೇನೆ. ನನ್ನದೇನು ಹೋಗಬೇಕು?

ಈ ಸಲ ಅಕ್ಕನೇ ಹೋದಳು. ಕಾಮಾಲೆ ಎಂದು ಆಸ್ಪತ್ರೆಗೆ ಸೇರಿಸಿದೆವು, ಮನೆಗೆ ತಿರುಗಿ ಬರಲಿಲ್ಲ. ಕಂಪ್ಲಿಯಿಂದ ಅವ್ವ ಫೋನ್ ಮಾಡಿ, ಗೋಡೆಗೆ ಹಾಕಲು ಒಂದು ದೊಡ್ಡ ಫೋಟೋ ಮಾಡಿ ತಾ, ವಿಭೂತಿ ಚೆನ್ನಾಗಿ ಕಾಣಲಿ ಎಂದಳು.

ಫೋಟೋ ಎಲ್ಲಿಂದ ತರಲಿ? ಅಕ್ಕನ ಗಂಡ ವಡ್ಡು ಎಂಬ ಊರಿನ ಹತ್ತಿರ ಲಾರಿ ಅಪಘಾತದಲ್ಲಿ ಸತ್ತಾಗ ಅವಳಿಗಿನ್ನೂ ಹರೆಯ. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ತಾಯಿ ಮಗಳು ಇಬ್ಬರೂ ಒಂದೇ ಮನೆಯಲ್ಲಿ ಬರಿ ಹಣೆಯಲ್ಲಿ ಇದ್ದರು. ಓಣಿಯಲ್ಲಿ ಗಂಡ ಇಲ್ಲದ ಎಷ್ಟೋ ಜನ ಈಗ ಬೊಟ್ಟು ಇಡುತ್ತಾರೆ, ಅವರನ್ನು ಯಾರೂ ಏನೂ ಅನ್ನುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಆ ಮಾತನ್ನೇ ಯಾರೂ ಎತ್ತಲಿಲ್ಲ. ಕ್ಯಾಮೆರಾ ಕಂಡರೆ ಅಕ್ಕ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಉಳಿದದ್ದು ಮುಂಬೈ ಫೋಟೋಗಳು. ಒಮ್ಮೆ ಸ್ಟುಡಿಯೋದವರು ನನ್ನನ್ನು ಅಲ್ಲಿಯ ಕ್ಯಾಮೆರಾ ಮೇಳಕ್ಕೆ ಕಳಿಸಿದ್ದರು. ಒಬ್ಬಳೇ ಹೋಗುವುದು ಬೇಡ ಎಂದು ಅವ್ವ ಅಕ್ಕನನ್ನು ಜೊತೆಗೆ ಹಾಕಿದ್ದಳು. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ನೋಡಿದರೆ ಬರೀ ಕಟ್ಟಡಗಳು: ಸಮುದ್ರದ ಆಚೆ ದಂಡೆಯ ಕಟ್ಟಡ, ಮಂಜಿನಲ್ಲಿ ಅರ್ಧ ಮುಳುಗಿದ ಕಟ್ಟಡ, ಸಂಜೆ ದೀಪ ಹತ್ತಿದ ಕಟ್ಟಡ. ನಮ್ಮಪ್ಪನೇ ಕಟ್ಟಿಸಿದ ಹಾಗೆ ತೆಗೆಯುತ್ತೀಯಲ್ಲ ಎಂದು ಅಕ್ಕ ಆಗ ಕಾಡಿಸಿದ್ದಳು. ಆ ರಾಶಿಯ ನಡುವೆ ಅವಳು ಸಿಕ್ಕಳು.

ಸಮುದ್ರದ ಕಟ್ಟೆಯ ಮೇಲೆ ಕೂತಿದ್ದಾಳೆ. ಹಿಂದೆ ಸಾಲು ಕಟ್ಟಡ. ತಲೆಯಲ್ಲಿ ಮಲ್ಲಿಗೆ, ಹಣೆಯಲ್ಲಿ ಕಾಸಿನಗಲ ಕೆಂಪು ಬೊಟ್ಟು. ಲೋಕಲ್ ರೈಲಿನಲ್ಲಿ ಮಾರಲು ಬಂದವಳಿಂದ ಕೊಂಡದ್ದು ಅದು. ಹಚ್ಚಿಕೊಂಡು ನನ್ನ ಕಡೆ ತಿರುಗಿ, "ಇಲ್ಲಿ ನಾ ಯಾರಂತ ಯಾರಿಗೆ ಗೊತ್ತೈತಿ?" ಎಂದಿದ್ದಳು. ನಗುತ್ತಲೇ ಅಂದಿದ್ದಳು, ಪುಣ್ಯಾತ್ಗಿತ್ತಿ.

ಎಡಿಟ್ ಶುರು ಮಾಡಿದೆ. ವಾಲಿದ ಸಮುದ್ರವನ್ನು ನೇರ ಮಾಡಿದೆ, ಮಸುಕು ಕಳೆದೆ. ಕಿಟಕಿಗಳಲ್ಲಿ ದೀಪ ಒಂದೊಂದೇ ಎದ್ದು ಕಂಡವು. ಆಮೇಲೆ ಅಕ್ಕನನ್ನು ಕಟ್ಟಡಗಳಿಂದ ಬಿಡಿಸಿದೆ. ಗಾಳಿಗೆ ಹಾರಿದ ಕೂದಲನ್ನು ಬಿಡಿಸುವುದು ಪೀಕಲಾಟದ ಕೆಲಸ, ಅದೂ ಆಯಿತು. ಹಿಂದೆ ನೀಲಿ ಹಾಕಿದೆ. ಮುಖ ಅಕ್ಕನದೇ, ಆದರೆ ಯಾಕೆ ನಗುತ್ತಿದ್ದಾಳೆಂದೇ ತಿಳಿಯದಂತಾಯಿತು. ಬೊಟ್ಟಿನ ಮೇಲೆ ಒಂದು ಸಲ ಒತ್ತಿದೆ. ಹೋಯಿತು. ವಾಪಸ್ ತಂದೆ. ಮತ್ತೆ ಅಳಿಸಿದೆ, ಮತ್ತೆ ತಂದೆ. ದಿನಾ ಮಾಡುವ ಕೆಲಸಕ್ಕೆ ಕೈಯೇ ಬರಲಿಲ್ಲ. ಕೊನೆಗೆ ಕುಂತಲ್ಲೇ ಅತ್ತೆ.

ಎರಡೂ ಪ್ರಿಂಟ್ ಹಾಕಿಸಿದೆ. ಒಂದು ಅವ್ವ ಹೇಳಿದಂತೆ ನೀಲಿ ಮತ್ತು ವಿಭೂತಿಯದು, ಇನ್ನೊಂದು ಮುಂಬೈ ಸಮೇತ ಇದ್ದ ಹಾಗೆಯೇ. ಎರಡಕ್ಕೂ ಕಟ್ಟು ಹಾಕಿಸಿಕೊಂಡು ಕಂಪ್ಲಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವ್ವನ ಜೊತೆ ಜಗಳ. ಇವತ್ತು ಬೊಟ್ಟಿನದೇ ಹಾಕಬೇಕು, ಊರು ಏನಾದರೂ ಅಂದುಕೊಳ್ಳಲಿ, ಒಪ್ಪದಿದ್ದರೆ ಈ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದೆಲ್ಲ ಹೊಂದಿಸಿಕೊಂಡಿದ್ದೆ.

ಅವ್ವ ಎರಡನ್ನೂ ಮಂಚದ ಮೇಲೆ ಇಟ್ಟುಕೊಂಡು ನೋಡಿದಳು. ವಿಭೂತಿಯದನ್ನು ಮಗುಚಿ ಇಟ್ಟಳು. ಬೊಟ್ಟಿನದನ್ನು ನನ್ನ ಕಡೆ ಸರಿಸಿ, ಇದನ್ನೇ ಹಾಕು ಎಂದಳು. ನಾನು ಹೊಂದಿಸಿಕೊಂಡಿದ್ದ ಜಗಳವೆಲ್ಲ ದಂಡವಾಯಿತು. ಮುಂಬೈಯಲ್ಲಿ ಅವಳು ಬೊಟ್ಟು ಇಟ್ಟಿದ್ದು ನಿನಗೆ ಗೊತ್ತಿತ್ತಾ ಎಂದೆ.

"ಬಂದ ದಿನಾನ ಗೊತ್ತಾತು. ಬೊಟ್ಟು ತೆಗೆದಿದ್ಲು, ಹಣಿಮ್ಯಾಗ ಅಂಟು ಹಂಗ ಇತ್ತು."

ನನಗೆ ಸಿಟ್ಟು ನೆತ್ತಿಗೇರಿತು. ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ, ಇಟ್ಟುಕೋ ಅಂತ ಒಂದು ಮಾತು ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೂಗಾಡಿದೆ.

"ಅಕಿ ಕೇಳ್ತಾಳ ಅಂತ ನಾ ಇದ್ದೆ," ಎಂದಳು ಅವ್ವ. "ನಾ ಹೇಳ್ಲಿ ಅಂತ ಅಕಿ ಇದ್ಲೇನೋ."

ಒಂದೇ ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿದವರು, ಒಂದೇ ಕೋಣೆಯಲ್ಲಿ ಮಲಗಿದವರು. ನಾನು ಮೊಳೆ ಹೊಡೆದು ಫೋಟೋ ತೂಗುಹಾಕಿದೆ. ಅವ್ವ ಎದ್ದು ಬಂದು ಸೆರಗಿನಿಂದ ಗಾಜು ಒರೆಸಿದಳು. ಅಕ್ಕನ ಮುಖವನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು:

"ಹಚ್ಕೋ ನನ್ನವ್ವ. ಯಾರೇನಂತಾರ."