ಬ್ರೇಕ್ ಪೈಪಿನೊಳಗಿನ ಗಾಳಿ

ಮೊನ್ನೆ ಮೊನ್ನೆಯವರೆಗೂ ನಮ್ಮ ಹಳೇ ಕಾರಿಗೆ ವರ್ಷಕ್ಕೊಂದೇ ಪ್ರವಾಸ. ಆಯುಧಪೂಜೆಯ ದಿನ ತೊಳೆದು, ಹೂ ಮುಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು, ಅಕ್ಕಪಕ್ಕದ ಮನೆಯವರನ್ನೂ ಸೇರಿಸಿಕೊಂಡು ತಳ್ಳುತ್ತಿದ್ದೆವು. ಹಣ್ಣು ಪಚಕ್ಕೆಂದರೆ ಪ್ರವಾಸ ಮುಗಿಯಿತು. ಬಸವೇಶ್ವರನಗರದ ನಮ್ಮ ಗೇಟಿನೊಳಗೆ ಹನ್ನೊಂದು ವರ್ಷ ಅದರ ಸಂಚಾರ ಇಷ್ಟೇ. ನೋಡಿದವರು ನನ್ನ ಭಕ್ತಿಯನ್ನು ಮೆಚ್ಚುತ್ತಿದ್ದರು. ನಾನೂ ಅವರನ್ನು ತಿದ್ದಲು ಹೋಗುತ್ತಿರಲಿಲ್ಲ.

ಕಾರು ನಿಂತದ್ದಕ್ಕೆ ಕಾರಣ ನಾನೇ. ಆಗ ಬ್ರೇಕ್ ಆಯಿಲ್ ವಾರವಾರವೂ ಕಡಿಮೆಯಾಗುತ್ತಿತ್ತು. ಎಲ್ಲಿ ಸೋರುತ್ತಿದೆ ಎಂದು ಬಗ್ಗಿ ನೋಡುವ ಬದಲು ಮೇಲಿಂದ ಮೇಲೆ ತುಂಬಿಸುತ್ತಾ ಹೋದೆ. ಒಂದು ಸಂಜೆ ಇಳಿಜಾರಿನಲ್ಲಿ ಪೆಡಲ್ ತಳಕ್ಕಿಳಿಯಿತು. ಮನೆ ಕಟ್ಟಿಸಲು ಯಾರೋ ಪುಣ್ಯಾತ್ಮರು ಸುರಿಸಿದ್ದ ಮರಳಿನ ಗುಡ್ಡೆ ನಮ್ಮನ್ನು ಉಳಿಸಿತು. ಪಕ್ಕದಲ್ಲಿದ್ದ ಹೆಂಡತಿ ವಿಮಲಾ ಗಡಗಡ ನಡುಗುತ್ತಿದ್ದಳು. ನಾನೋ, ಸೇರಿದ ಜನರೆದುರು ಮಾನ ಉಳಿಸಿಕೊಳ್ಳಲು ಹಲ್ಲು ಕಿರಿದು, "ಏನೂ ಆಗಿಲ್ಲ, ಇವಳಿಗೆ ಎಲ್ಲಕ್ಕೂ ಭಯ" ಅಂದುಬಿಟ್ಟೆ. ಅವಳು ಇಳಿದು ಮನೆಗೆ ನಡೆದಳು. ಮತ್ತೆ ಆ ಕಾರು ಹತ್ತಲಿಲ್ಲ. ಅವಳಿಲ್ಲದೆ ಓಡಿಸುವ ಮನಸ್ಸು ನನಗೂ ಬರಲಿಲ್ಲ.

ಈ ವರ್ಷ ನಿವೃತ್ತನಾದೆ. ಅವಳನ್ನು ಇನ್ನೊಮ್ಮೆಯಾದರೂ ಅದರಲ್ಲಿ ಕೂರಿಸಬೇಕೆಂದು ಸುಂಕದಕಟ್ಟೆಯ ಮೆಕ್ಯಾನಿಕ್ ಖಾದರ್ ಅವರನ್ನು ಮನೆಗೇ ಕರೆಸಿದೆ. ಬ್ಯಾಟರಿ, ಟೈರು ಹೊಸದಾದವು, ಎಂಜಿನ್ ಕೆಮ್ಮುತ್ತಾ ಎದ್ದಿತು. "ಬ್ರೇಕ್ ಪೈಪೆಲ್ಲಾ ತುಕ್ಕು ತಿಂದೈತೆ ಸಾರ್" ಎಂದು ಖಾದರ್ ಹಳೇ ಪೈಪನ್ನು ಚಕ್ಕುಲಿಯಂತೆ ಮುರಿದು ತೋರಿಸಿದರು. ತುಕ್ಕು ಹಿಡಿಯದ ಪೈಪುಗಳನ್ನು ಬಗ್ಗಿಸಿ ಕೂರಿಸಿದರು. ಊದಿಕೊಂಡಿದ್ದ ರಬ್ಬರ್ ಹೋಸುಗಳ ಜಾಗಕ್ಕೆ ಸ್ಟೀಲ್ ತಂತಿ ಹೆಣೆದ ಗಟ್ಟಿ ಹೋಸುಗಳು ಬಂದವು.

ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಒಬ್ಬರು ಚಕ್ರದ ಬಳಿ ನಟ್ಟು ಸಡಿಲಿಸಿದಾಗ ಇನ್ನೊಬ್ಬರು ಪೆಡಲ್ ತುಳಿದು, ಅವರು ನಟ್ಟು ಬಿಗಿದು 'ಬಿಡಿ' ಎನ್ನುವವರೆಗೂ ಹಿಡಿದಿರಬೇಕು. ಮೊದಲೇ ಬಿಟ್ಟರೆ ಗಾಳಿ ಮತ್ತೆ ಒಳಗೆ. ದ್ರವ ಕುಗ್ಗದು, ಗಾಳಿ ಕುಗ್ಗುತ್ತದೆ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ವಿಜ್ಞಾನದ ಮೇಷ್ಟ್ರು ನಾನು. ಮೂರು ಸಲವೂ ಮೊದಲೇ ಬಿಟ್ಟೆ.

"ಅರ್ಜೆಂಟ್ ಮಾಡ್ಬೇಡಿ ಸಾರ್, ನಾನ್ ಹೇಳ್ದಾಗ ಬಿಡಿ!" ಎಂದು ಖಾದರ್ ಚಕ್ರದ ಪಕ್ಕದಿಂದ ಗೋಗರೆದರು.

ಕಾಫಿ ತಂದಿದ್ದ ವಿಮಲಾ ಲೋಟಗಳನ್ನು ಬಾನೆಟ್ಟಿನ ಮೇಲಿಟ್ಟಳು. "ಏಳಿ ಈಚೆಗೆ. ನಾನ್ ತುಳೀತೀನಿ."

ತುಳಿದಳು, ಹಿಡಿದಳು, ಹೇಳಿದಾಗಷ್ಟೇ ಬಿಟ್ಟಳು. ನಾಲ್ಕೂ ಚಕ್ರ ಮುಗಿಯುವ ಹೊತ್ತಿಗೆ ಪೆಡಲ್ ಅವಳ ಪಾದದಡಿ ಗಟ್ಟಿಯಾಗಿತ್ತು. ನನಗೆ ಸಂತೋಷವೋ ಸಂತೋಷ. "ನೋಡಿದ್ಯಾ? ಇನ್ನು ಭಯ ಇಲ್ಲ ಕಣೇ" ಅಂದೆ.

ಅವಳು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು: "ರೀ, ಅವತ್ತು ನಿಮಗೂ ಭಯ ಆಗಿತ್ತು ಅಲ್ವಾ?"

ಈ ಸಲ ನಗು ಬರಲಿಲ್ಲ. "ಆಗಿತ್ತು ಕಣೇ. ನಿನಗಿಂತ ಜಾಸ್ತಿ. ನಿನ್ನ ಮೇಲೆ ಹಾಕ್ಬಿಟ್ಟೆ, ತಪ್ಪಾಯ್ತು."

"ಇಷ್ಟು ಹೇಳೋಕೆ ಹೊಸಾ ಪೈಪೇ ಬೇಕಾಯ್ತಾ?" ಎನ್ನುತ್ತಾ ಅವಳು ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು.

ಹೊಸಹಳ್ಳಿಯವರೆಗೂ ಹೋಗಿ ಬಂದೆವು. ಗೇಟಿನಲ್ಲಿ ಕಾಯುತ್ತಿದ್ದ ಖಾದರ್, "ಬ್ರೇಕ್ ಹೆಂಗೈತೆ ಸಾರ್?" ಎಂದು ಆತುರದಿಂದ ಕೇಳಿದರು. ಹೋಗುವಾಗಲೂ ಬರುವಾಗಲೂ ನಾವಿಬ್ಬರೂ ಒಂದೇ ಸಮನೆ ಮಾತಾಡಿಕೊಂಡಿದ್ದೆವು. ಬ್ರೇಕಿನ ಕಡೆ ಗಮನವೇ ಹೋಗಿರಲಿಲ್ಲ ಎಂದು ಹೇಳಲು ನಾಚಿಕೆಯಾಗಿ, ತುಂಬಾ ಚೆನ್ನಾಗಿದೆ ಎಂದೆ.