ಚಿಪಾಡದ ಬಣವಿ

ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ ಎನ್ನುತ್ತೇವೆ. ಗಡಿಯಾಚೆಯ ಕಾಗಲಕ್ಕೆ ಬಂದ ಮೊದಲ ಬೆಳಿಗ್ಗೆ ನಮ್ಮ ಖೋಲಿಯ ಎದುರು, ಮನೆಗಿಂತ ಎತ್ತರದ ಗುಡ್ಡೆಯೊಂದು ಬೆಂಕಿಯಿಲ್ಲದೆಯೇ ಹೊಗೆಯಾಡುತ್ತಿತ್ತು. ನಾನು ಬಾಗಿಲು ಹಾಕಿಕೊಂಡು ಗಂಡನನ್ನು ಎಬ್ಬಿಸಿದೆ.

ಅದು ಚಿಪಾಡ. ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಗೆ ಇಲ್ಲಿಯವರ ಹೆಸರು. ಅದನ್ನು ಬೇಯಿಸಿ, ಅರೆದು, ಬಿಸಿ ಅಚ್ಚಿನಲ್ಲಿ ಒತ್ತಿ ಊಟದ ತಾಟು ಮಾಡುತ್ತಾರೆ. ನಮ್ಮಿಬ್ಬರಿಗೂ ಆ ತಾಟಿನ ಕಾರ್ಖಾನೆಯಲ್ಲೇ ಕೆಲಸ, ಕೆಲಸದ ಜೊತೆಗೇ ಇರಲು ಖೋಲಿ. ಒಡತಿ ಪದ್ಮಕ್ಕ ಇಲ್ಲಿಯ ಜೈನ ರೈತರ ಮನೆಯವರು. ಮಾತನ್ನು ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಾರೆ. ಅರ್ಧ ತಿಳಿಯದೆ ನಾನು ಎಲ್ಲದಕ್ಕೂ ತಲೆಯಾಡಿಸಿ, ಆಮೇಲೆ ಅಂಜುತ್ತಿದ್ದೆ.

ಒಂದು ಮಧ್ಯಾಹ್ನ ಮೋಡ ಕವಿಯಿತು. ರೋಣದ ಕಡೆಯವಳು ನಾನು. ಮೋಡ ಕಂಡರೆ ಕಣಕಿಯ, ಅಂದರೆ ಜೋಳದ ಒಣ ದಂಟಿನ, ಬಣವಿ ಮುಚ್ಚುವುದು ನಮಗೆ ಕಲಿಸಬೇಕಾದ ವಿದ್ಯೆಯಲ್ಲ. ಆಗಷ್ಟೇ ಬಂದ ಹಸಿ ಚಿಪಾಡವನ್ನು ಗುಡ್ಡೆಯ ನಡುವೆ ಸುರಿದು, ತಾಡಪತ್ರಿ ಬಿಗಿದು, ಕಲ್ಲು ಹೇರಿದೆ. ಯಾರೂ ಹೇಳಿರಲಿಲ್ಲ. ಭಾಳ ಜಾಣೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕೆಲವು ದಿನ ಕಳೆದ ಮೇಲೆ ಹುಳಿ ವಾಸನೆ ಬಂತು, ಆಮೇಲೆ ಸೀದ ವಾಸನೆ. ಪದ್ಮಕ್ಕ ಗುಡ್ಡೆಯೊಳಗೆ ಕಬ್ಬಿಣದ ಸರಳು ಚುಚ್ಚಿ ಹೊರಗೆಳೆದರು. ಅದು ಮುಟ್ಟಲಾಗದಷ್ಟು ಕಾದಿತ್ತು.

"ಕೋಣಿ ಝಾಕಲಂ? ಯಾರ್ರೀ ಇದನ್ನ ಮುಚ್ಚಿದವ್ರು?"

ಒಪ್ಪಿಕೊಂಡರೆ ಕೆಲಸ ಹೋಗುತ್ತದೆ, ಖೋಲಿಯೂ ಹೋಗುತ್ತದೆ. ಅಷ್ಟರಲ್ಲಿ ನನ್ನ ಗಂಡ ತಾಡಪತ್ರಿ ಕಿತ್ತು, ಗುಡ್ಡೆ ಬಿಡಿಸಲು ಮೇಲೆ ಹತ್ತಿದ. ನಡುವಿನ ಕಡೆ ನಡೆದ. ಕಾಲು ಮೊಣಕಾಲಿನವರೆಗೆ ಕುಸಿಯಿತು, ಅಲ್ಲಿಂದ ಹೊಗೆ ಎದ್ದಿತು.

"ಮುಂದ ಹೋಗಬ್ಯಾಡ್ರಿ, ಕೆಳಗ ಇಳೀರಿ. ಹಸೀದು ಅಲ್ಲೇ ಐತಿ. ಮುಚ್ಚಿದಾಕಿ ನಾನ," ಎಂದು ಕೂಗಿಬಿಟ್ಟೆ.

ಅವನು ಜಾರಿಕೊಂಡು ಕೆಳಗೆ ಬಿದ್ದ. ನೋಡನೋಡುತ್ತಿದ್ದಂತೆ ಅವನು ನಿಂತಿದ್ದ ಜಾಗದಲ್ಲಿ ಉರಿ ಕಾಣಿಸಿತು. ಎಲ್ಲರೂ ಸೇರಿ ನೀರು ಹೊಯ್ದು ಆರಿಸಿದೆವು. ಅವನ ಪಾದದಲ್ಲಿ ಬೊಬ್ಬೆ ಎದ್ದಿತ್ತು, ಜೀವ ಉಳಿದಿತ್ತು. ನಾನು ಗಂಟುಮೂಟೆ ಕಟ್ಟಲು ಹೊರಟಾಗ ಪದ್ಮಕ್ಕ ತಡೆದರು.

"ಇದು ನಿಮ್ಮೂರ ಕಣಕಿ ಅಲ್ಲವ್ವಾ. ಹಸೀದನ್ನ ಮುಚ್ಚಿದ್ರ ಉಗಿ ಹೊರಗ ಹೋಗೂದಿಲ್ಲ, ಒಳಗಿಂದೊಳಗ ಬೆಂದು ಬೆಂಕಿ ಹತ್ತತೈತಿ. ನಾಳಿಂದ ದಿನಾ ಸರಳ ಹಾಕಿ ನೋಡೂದು ನಿಂದ ಕೆಲಸ."

ಅದು ಶಿಕ್ಷೆಯೋ ನಂಬಿಕೆಯೋ, ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ, ಬೆಳಿಗ್ಗೆ ಎದ್ದವಳೇ ಅಪ್ಪನ ಬಣವಿಯೊಳಗೆ ಮೊಣಕೈವರೆಗೆ ಕೈ ತೂರಿಸಿದೆ.

"ಏನ ಕಳಕೊಂಡೀ ಅದರಾಗ?" ಎಂದು ಅಪ್ಪ ನಕ್ಕ.

ಕಣಕಿ ಒಣಗಿತ್ತು, ತಣ್ಣಗಿತ್ತು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಕಾಗಲದಲ್ಲಿ ಇವತ್ತು ಸರಳು ಹಾಕಿ ನೋಡಿದವರು ಯಾರು ಎಂಬ ಅಂಜಿಕೆ ಬಿಡಲಿಲ್ಲ. ಹಬ್ಬ ಮುಗಿಯುವ ಮೊದಲೇ ಬಸ್ಸು ಹತ್ತಿದೆ.